ಸಹಾಯ ಬೇಕು: ಹೋಶೇಯ 11ರಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ

ಎಲ್ಲರಿಗೂ ವಂದನೆ. ಈ ಭಾನುವಾರ ಯುವಕರ ಗುಂಪಿಗೆ ಬೈಬಲಿನ ಪ್ರವಾದಿಗಳ ಬಗ್ಗೆ ನಾನೇ ಪಾಠ ಮಾಡಬೇಕು. ಒಂದು ಕಡೆ ಮುಂದೆ ಹೋಗೋಕೆ ಆಗುತ್ತಿಲ್ಲ.

ಆಮೋಸ 4 ಅರ್ಥವಾಯಿತು. ದೇವರು ಒಂದೂರಿಗೆ ಮಳೆ ಕೊಡುತ್ತಾರೆ, ಪಕ್ಕದೂರಿಗೆ ಇಲ್ಲ. ಬೆಳೆಗೆ ರೋಗ, ಮಿಡತೆ. 'ಆದರೂ ನೀವು ನನ್ನ ಕಡೆ ತಿರುಗಲಿಲ್ಲ' ಅನ್ನುವ ಮಾತು ಐದು ಸಲ ಬರುತ್ತದೆ. ಬುದ್ಧಿ ಬರಲಿ ಅಂತ ಕೊಟ್ಟ ಪೆಟ್ಟು, ಸರಿ.

ಹೋಶೇಯ 11ರಲ್ಲಿ ದೇವರು ಮಗುವಿಗೆ ನಡೆಯಲು ಕಲಿಸಿದ ತಂದೆಯ ಹಾಗೆ ಮಾತಾಡುತ್ತಾರೆ. ಎಫ್ರಾಯೀಮನ್ನು (ಅಂದರೆ ಉತ್ತರದ ಇಸ್ರಾಯೇಲ್ ರಾಜ್ಯವನ್ನು) ಹೇಗೆ ಬಿಟ್ಟುಕೊಡಲಿ ಅಂತ ಸಂಕಟಪಡುತ್ತಾರೆ. 9ನೇ ವಚನದಲ್ಲಿ ಮತ್ತೆ ನಾಶ ಮಾಡುವುದಿಲ್ಲ ಅನ್ನುತ್ತಾರೆ. ಆದರೆ ಕ್ರಿ.ಪೂ. 722ರ ಹೊತ್ತಿಗೆ ಅಶ್ಶೂರದವರು ಆ ರಾಜ್ಯದ ರಾಜಧಾನಿ ಸಮಾರ್ಯವನ್ನು ಹಿಡಿದು ಜನರನ್ನು ಸೆರೆ ಒಯ್ದರಲ್ವಾ? ದಕ್ಷಿಣದ ಯೆಹೂದ ರಾಜ್ಯದವರು ಬಾಬೆಲಿನ ಸೆರೆಯಿಂದ ಮರಳಿದ ಹಾಗೆ ಇವರು ಗುಂಪಾಗಿ ಮರಳಲೂ ಇಲ್ಲ.

2 ಅರಸುಗಳು 17 ಓದಿದೆ. ಅಲ್ಲಿ ಈ ಪತನಕ್ಕೆ ಕಾರಣ ಇದೆ, ಸಮಾಧಾನ ಸಿಗಲಿಲ್ಲ. ಹಿರಿಯರೊಬ್ಬರು ಇಬ್ರಿಯ 12 ತೋರಿಸಿದರು, ಪ್ರೀತಿಸುವವರನ್ನೇ ದೇವರು ಶಿಕ್ಷಿಸುತ್ತಾರೆ ಅಂತ. ಒಪ್ಪುತ್ತೇನೆ. ಆದರೆ ಮಗ ಮನೆಗೇ ಬರದಿದ್ದರೆ ಅದು ತಿದ್ದುವುದು ಹೇಗಾಯಿತು? ನಮ್ಮ ಹುಡುಗರು ಇದನ್ನೇ ಕೇಳುತ್ತಾರೆ, ಗ್ಯಾರಂಟಿ.

ಹೋಶೇಯ 11:9ರ ಮಾತನ್ನು ಸಮಾರ್ಯದ ಪತನದ ಜೊತೆ ನೀವು ಹೇಗೆ ಹೊಂದಿಸಿ ಓದುತ್ತೀರಿ?