‘ಮಸ್ಟಂಟ್ ಗ್ರಂಬಲ್’ ಎನ್ನುವವರ ನೋವನ್ನು ಅಳೆಯುವುದು ಹೇಗೆ?

ಪ್ರಶ್ನೆ
ನಾನು ಮೂಡುಬಿದಿರೆಯವಳು. ಉತ್ತರ ಇಂಗ್ಲೆಂಡಿನ ಆಸ್ಪತ್ರೆಯೊಂದರ ಮೂಳೆ ವಾರ್ಡಿನಲ್ಲಿ ನರ್ಸ್. ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಜ್ಜ ಅಜ್ಜಿಯರೇ ಇಲ್ಲಿ ಹೆಚ್ಚು. ನೋವಿದೆಯೇ ಎಂದು ಕೇಳಿದರೆ ‘ಮಸ್ಟಂಟ್ ಗ್ರಂಬಲ್’ (ಗೊಣಗಬಾರದು) ಎನ್ನುತ್ತಾರೆ, ಇಲ್ಲವೇ ‘ಸೋಲ್ಜರಿಂಗ್ ಆನ್’ (ಹೇಗೋ ಸಹಿಸಿಕೊಂಡು ಸಾಗಿದ್ದೇನೆ). ಮುಖದಲ್ಲಿ ನಗು ಇರುತ್ತದೆ, ಕೈ ಮಾತ್ರ ಮಂಚದ ಸರಳನ್ನು ಬಿಗಿಯಾಗಿ ಹಿಡಿದಿರುತ್ತದೆ. ನೋವಿನ ಅಂಕಣದಲ್ಲಿ ನಾನು ಏನೆಂದು ಬರೆಯಲಿ?

ಉತ್ತರ 1
ಗೊಣಗುವುದಿಲ್ಲ ಎನ್ನುತ್ತಿದ್ದಾರೆ, ನೋವಿಲ್ಲ ಎನ್ನುತ್ತಿಲ್ಲ. ನಗುವನ್ನು ಬಿಡಿ, ಕೈಯನ್ನು ನಂಬಿ.

ಉತ್ತರ 2 (ನಿವೃತ್ತ ನರ್ಸ್, ಲೀಡ್ಸ್)
ತಂಗಿ, ತೊಂಬತ್ತರ ಆಸುಪಾಸಿನ ಈ ಹಿರಿಯರು ಎರಡನೇ ಮಹಾಯುದ್ಧ ಕಾಲದ ಮಕ್ಕಳು. ಯುದ್ಧ ಮುಗಿದರೂ ಪಡಿತರ ಪದ್ಧತಿ ಪೂರ್ತಿ ತೊಲಗಿದ್ದು 1954ರಲ್ಲಿ. ಇದ್ದುದರಲ್ಲಿ ಸುಧಾರಿಸಿಕೊಳ್ಳುವುದು ಅವರಿಗೆ ಮೈಗೂಡಿದ ಗುಣ. ಹಾಗಾಗಿ ‘ಪೇನ್’ ಎಂಬ ಪದ ಹಿಡಿದು ಕೇಳಬೇಡ. ‘ಸೋರ್’ (ನೋಯುತ್ತಿದೆಯೇ) ಎಂದು ಕೇಳು, ‘ಸ್ವಲ್ಪ’ ಎಂದು ಒಪ್ಪಿಕೊಳ್ಳುತ್ತಾರೆ. ಮಲಗಿರುವಾಗ ಕೇಳಿದರೆ ಸಾಲದು. ಮಗ್ಗುಲು ಬದಲಿಸುವಾಗ, ಕೆಮ್ಮುವಾಗ ಉಸಿರು ಬಿಗಿ ಹಿಡಿಯುತ್ತಾರೆಯೇ ನೋಡು. ಅವರು ಹೇಳಿದ ಮಾತನ್ನು ಇದ್ದ ಹಾಗೆಯೇ ಬರೆದು, ಕೆಳಗೆ ನೀನು ಕಂಡದ್ದನ್ನೂ ಬರೆ. ಶಸ್ತ್ರಚಿಕಿತ್ಸೆಯ ಮರುದಿನವೇ ಅವರನ್ನು ಎಬ್ಬಿಸಿ ನಿಲ್ಲಿಸಬೇಕಲ್ಲ? ನೋವು ತಗ್ಗದಿದ್ದರೆ ಏಳುವುದಿಲ್ಲ. ಮಲಗಿಯೇ ಇದ್ದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಬೆನ್ನಿನಲ್ಲಿ ಹುಣ್ಣಾಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹಲ್ಲು ಕಚ್ಚಿ ಸಹಿಸುವುದರಿಂದ ಇಲ್ಲಿ ಕೇಡೇ ಹೆಚ್ಚು.

ಉತ್ತರ 3
ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ‘ಬೈಟ್ ದ ಬುಲೆಟ್’ (ಗುಂಡು ಕಚ್ಚು, ಅಂದರೆ ಹಲ್ಲು ಕಚ್ಚಿ ಸಹಿಸು) ಎಂಬ ಮಾತನ್ನು ಅರಿವಳಿಕೆ ಇಲ್ಲದ ಕಾಲದ ಶಸ್ತ್ರಚಿಕಿತ್ಸೆಗೆ ಜೋಡಿಸುವವರೇ ಬಹಳ. ಆದರೆ ಫ್ರಾನ್ಸಿಸ್ ಗ್ರೋಸ್ ಅವರ ಆಡುಮಾತಿನ ನಿಘಂಟಿನ 1796ರ ಆವೃತ್ತಿಯಲ್ಲಿ ಬೇರೆಯೇ ಸಂಗತಿ ಇದೆ: ಚಾಟಿಯೇಟು ತಿನ್ನುವ ಸೈನಿಕರು ಕೂಗಿಕೊಳ್ಳಬಾರದೆಂದು ಗುಂಡನ್ನು ಅಗಿಯುತ್ತಿದ್ದರಂತೆ. ಕೆಲವು ದಳಗಳಲ್ಲಿ ಅದು ಮಾನದ ಪ್ರಶ್ನೆ. ನಿಮ್ಮ ಅಜ್ಜಂದಿರದೂ ಅದೇ ಮಾನ. ಅದಕ್ಕೆ ಧಕ್ಕೆ ಬಾರದ ಹಾಗೆ ಕೇಳಿ.

ಪ್ರಶ್ನೆ ಕೇಳಿದವರು
ಅಕ್ಕ, ‘ಸೋರ್’ ಎಂದು ಕೇಳಿದ್ದಕ್ಕೆ ಒಬ್ಬ ಅಜ್ಜಿ ತೊಡೆ ಮುಟ್ಟಿ ತೋರಿಸಿದರು. ಆದರೆ ಮಾತ್ರೆ ಬೇಡವಂತೆ, ತಮ್ಮಿಂದ ನನಗೆ ತೊಂದರೆಯಾಗುತ್ತದಂತೆ.

ಉತ್ತರ 2
ಮಾತ್ರೆಯನ್ನು ನೋವಿಗೆಂದು ಕೊಡಬೇಡ, ನಾಳೆ ನಡೆಯುವುದಕ್ಕೆಂದು ಕೊಡು. ಫಿಸಿಯೊ (ವ್ಯಾಯಾಮ ಮಾಡಿಸಿ ನಡೆಸುವವರು) ಬರುವ ಹೊತ್ತು ತಿಳಿದುಕೊಂಡು, ಔಷಧ ಹತ್ತುವಷ್ಟು ಮುಂಚೆ ಕೊಡು. ಆಗ ಬೇಡ ಎನ್ನುವವರು ಕಡಿಮೆ.