ಅಜ್ಜನ ಸ್ಮರಣೆಗೆ ಯಾವ ಭಾಗ ಓದಬೇಕು?

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಹುಬ್ಬಳ್ಳಿ, ಧಾರವಾಡ, ಬೆಟಗೇರಿ, ಹಾವೇರಿ ಕಡೆಯವರೆಲ್ಲ ಇದ್ದೇವೆ. ಅಜ್ಜ ತೀರಿಕೊಂಡ ಮೇಲೆ ಗುಂಪು ಬಹಳ ತಣ್ಣಗಾಗಿತ್ತು. ಮೊನ್ನೆ ಶುಕ್ರವಾರ ರಾತ್ರಿ ಬೆಟಗೇರಿ ಅತ್ತಿ ಒಂದು ಚಿತ್ರ ಹಾಕಿದರು. ಅಲ್ಲಿಂದ ಮರುದಿನ ಮಧ್ಯಾಹ್ನದವರೆಗೆ ನಡೆದ ವಾದವನ್ನು ಎಲ್ಲರ ಒಪ್ಪಿಗೆ ಕೇಳಿ ಇಲ್ಲಿ ಇಡುತ್ತಿದ್ದೇನೆ. ನಡುವೆ ಬಂದ ಗುಡ್ ಮಾರ್ನಿಂಗ್ ಸಂದೇಶಗಳನ್ನು ಮಾತ್ರ ತೆಗೆದಿದ್ದೇನೆ.

ಬೆಟಗೇರಿ ಅತ್ತಿ: (ಚಿತ್ರ: ಮೋಡದ ನಡುವೆ ಬಂಗಾರದ ಸಿಂಹಾಸನ, ಅದರ ಮೇಲೆ ಬಿಳಿ ಗಡ್ಡದ ರಾಜ, ಹಿಂದೆ ಮಿಂಚು, ನಾಲ್ಕು ಮೂಲೆಗೆ ಸಿಂಹ, ಹೋರಿ, ಮನುಷ್ಯ, ಹದ್ದು. ಕೆಳಗೆ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 4ನೇ ಅಧ್ಯಾಯ, ಯೋಹಾನ ಕಂಡ ಪರಲೋಕದ ದರ್ಶನ.)
ಭಾನುವಾರ ಅಪ್ಪನ ಸ್ಮರಣೆ ಪ್ರಾರ್ಥನೆಗೆ ಈ ಅಧ್ಯಾಯ ಓದಿಸಬೇಕು ಅಂತ ನನ್ನ ಆಸೆ. ಕಾರ್ಡಿನ ಮೇಲೆ ಈ ಚಿತ್ರವನ್ನೂ ಹಾಕಿಸೋಣ. ಎಲ್ಲರೂ ಹೇಳಿ.

ತಮ್ಮ, ಬೆಂಗಳೂರು: ಅತ್ತಿ, ಬೇಡ. ದುಃಖದಲ್ಲಿರುವ ಮನೆಯಲ್ಲಿ ಗುಡುಗು, ಮಿಂಚು, ಮೈತುಂಬ ಕಣ್ಣಿರುವ ಜೀವಿಗಳು ಯಾಕೆ? 23ನೇ ಕೀರ್ತನೆ ಓದೋಣ. "ಯೆಹೋವನು ನನಗೆ ಕುರುಬನು." ಆಯಿಗೆ ಈಗ ಅದು ಬೇಕು.

ಹಾವೇರಿ ಅಕ್ಕ: ನನ್ನ ಮಗ ಚಿತ್ರ ನೋಡಿ ಮೊದಲು ಹೋರಿಯನ್ನೇ ಹಿಡಿದ. ದೀಪಾವಳಿಗೆ ಹೋರಿ ಬೆದರಿಸುವುದನ್ನು ನೋಡಿ ಬೆಳೆದವನು. "ಇದೂ ಹಾಯುತ್ತದಾ?" ಅಂತ ಕೇಳಿದ. ಇಲ್ಲಪ್ಪ, ಇದು ದೇವರ ಮುಂದೆ ಹಾಡುತ್ತದೆ ಅಂದೆ. ಸುಮ್ಮನಾದ. ಆದರೆ ಆ ಕಣ್ಣುಗಳ ವಿಷಯ ನನಗೂ ಸ್ವಲ್ಪ ಅಂಜಿಕೆಯೇ.

ಹುಬ್ಬಳ್ಳಿ ಕಾಕಾ: ಅಧ್ಯಾಯಕ್ಕೆ ನನ್ನ ತಕರಾರಿಲ್ಲ. ಚಿತ್ರಕ್ಕಿದೆ. ದೇವರಿಗೆ ಗಡ್ಡ ಹಚ್ಚಿದವರು ಯಾರು? ಯೋಹಾನ ಆ ಅಧ್ಯಾಯದಲ್ಲಿ ಮುಖ ಹೇಳುವುದಿಲ್ಲ, ವಯಸ್ಸು ಹೇಳುವುದಿಲ್ಲ. ಸೂರ್ಯಕಾಂತ, ಪದ್ಮರಾಗ ಮಣಿಗಳ ಹಾಗೆ ಕಂಡ ಅಂತಾನೆ. ಸುತ್ತಲೂ ಪಚ್ಚೆಯ ಬಣ್ಣದ ಮುಗಿಲುಬಿಲ್ಲು ಅಂತಾನೆ. ಬರೀ ಬಣ್ಣ, ಬರೀ ಬೆಳಕು. ಅವನೇ ಅಲ್ಲಿಗೆ ನಿಂತಾಗ ನಾವು ಮುಂದೆ ಹೋಗಬಾರದು.

ಬೆಟಗೇರಿ ಅತ್ತಿ: ಅಣ್ಣಾ, ಪ್ರವಾದಿ ದಾನಿಯೇಲನ 7ನೇ ಅಧ್ಯಾಯದಲ್ಲಿ ಮಹಾವೃದ್ಧನು ಕೂತಿದ್ದ, ಕೂದಲು ಉಣ್ಣೆಯಂತೆ ಇತ್ತು ಅಂತ ಇದೆಯಲ್ಲ?

ಹುಬ್ಬಳ್ಳಿ ಕಾಕಾ: ಇದೆ. ರಾತ್ರಿ ಕಂಡ ದರ್ಶನವನ್ನು ಅವನು ಮಾತಿನಲ್ಲಿ ಹೇಳಿದ. ಮಾತು ಮುಂದೆ ಹರಿಯುತ್ತದೆ, ಕೇಳಿದವನು ತಲೆ ಬಾಗಿಸುತ್ತಾನೆ. ಚಿತ್ರ ನಿಂತುಬಿಡುತ್ತದೆ. ನಾಳೆ ಆ ಹುಡುಗನಿಗೆ ದೇವರು ಅಂದರೆ ಈ ಕಂಪ್ಯೂಟರ್ ಗಡ್ಡವೇ ನೆನಪಾಗುತ್ತದೆ.

ತಮ್ಮ, ಬೆಂಗಳೂರು: ಕಾಕಾ, ನನಗೆ ಗಡ್ಡದ ಚಿಂತೆ ಇಲ್ಲ, ಸಿಂಹಾಸನದ್ದೇ ಚಿಂತೆ. ರಾಜರ ಕಾಲ ಮುಗಿಯಿತು. ಅಜ್ಜ ಜೀವಮಾನವೆಲ್ಲ ಕಾರ್ಖಾನೆಯಲ್ಲಿ ಸಾಹೇಬರ ಮುಂದೆ ಕೈಕಟ್ಟಿ ನಿಂತರು. ಮುಗಿದ ಮೇಲೂ ಇನ್ನೊಬ್ಬ ದೊಡ್ಡವನ ಮುಂದೆ ನಿಲ್ಲಬೇಕಾ? ದೇವರು ಪಕ್ಕದಲ್ಲಿ ನಡೆಯುವವನು ಅಂತ ನಂಬಿದ್ದೇನೆ. ಎತ್ತರದಲ್ಲಿ ಕೂತವನಿಂದ ನನಗೆ ಸಮಾಧಾನ ಸಿಗುವುದಿಲ್ಲ. ಸಿಟ್ಟಿನಿಂದ ಹೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಇದಾದ ಮೇಲೆ ಆ ರಾತ್ರಿ ಯಾರೂ ಬರೆಯಲಿಲ್ಲ. ತಮ್ಮನ ಪ್ರಶ್ನೆ ದೊಡ್ಡದು. ಅದಕ್ಕೆ ಒಂದು ಸಾಲಿನ ಉತ್ತರ ಕೊಟ್ಟರೆ ಅವನಿಗೂ ಅಜ್ಜನಿಗೂ ಮರ್ಯಾದೆ ಅಲ್ಲ. ಬೆಳಿಗ್ಗೆ ಬೈಬಲ್ ಮುಂದಿಟ್ಟುಕೊಂಡು ಕೂತು ಬರೆದೆ.

ನಾನು, ಧಾರವಾಡ: ತಮ್ಮಾ, ಈ ಸಿಂಹಾಸನವನ್ನು ಯಾರು ಯಾರು ಕಂಡರು, ಯಾವಾಗ ಕಂಡರು ಅಂತ ಮೊದಲು ನೋಡು.

ಪ್ರವಾದಿ ಯೆಶಾಯ ಕಂಡದ್ದು ಯೆಹೂದದ ಅರಸನಾದ ಉಜ್ಜೀಯನು ಸತ್ತ ವರ್ಷ, ಕ್ರಿ.ಪೂ. 740ರ ಸುಮಾರು. ಉಜ್ಜೀಯ 52 ವರ್ಷ ಆಳಿದವನು. ಯೆರೂಸಲೇಮಿನಲ್ಲಿ ಎಷ್ಟೋ ಜನ ಬೇರೆ ಅರಸನನ್ನು ಕಂಡೇ ಇರಲಿಲ್ಲ. ಮುಂದೆ ಹೇಗೆ ಅಂತ ಊರೇ ಕಂಗಾಲಾದ ಹೊತ್ತಿನಲ್ಲಿ ಅವನಿಗೆ ಬರಿದಾಗದ ಒಂದು ಸಿಂಹಾಸನ ಕಂಡಿತು. ಹಿರಿಯರನ್ನು ಕಳೆದುಕೊಂಡ ಮನೆಗೆ ಇದು ದೂರದ ಮಾತಾ?

ಪ್ರವಾದಿ ಯೆಹೆಜ್ಕೇಲ ಕಂಡದ್ದು ಸೆರೆಯಾಗಿ ಹೋದ ದೇಶದಲ್ಲಿ. ಕ್ರಿ.ಪೂ. 593, ಬಾಬೆಲಿನ ಕೆಬಾರ್ ಕಾಲುವೆಯ ಹತ್ತಿರ. ದೇವರು ಯೆರೂಸಲೇಮಿನ ಗುಡಿಯಲ್ಲಿ ಉಳಿದ, ನಾವು ಇಲ್ಲಿ ಅನಾಥರು ಅಂತ ಜನ ಅಳುತ್ತಿದ್ದ ಕಾಲ. ಅವನು ಕಂಡ ಸಿಂಹಾಸನದ ಕೆಳಗೆ ಚಕ್ರಗಳಿದ್ದವು! ಜೀವಿಗಳು ಹೋದ ಕಡೆ ಚಕ್ರಗಳೂ ಹೋಗುತ್ತಿದ್ದವು. ಎತ್ತರದಲ್ಲಿ ಕೂತವನು ಸೆರೆಯಾಳುಗಳ ಊರಿಗೆ ಬಂದಿದ್ದ. ಪಕ್ಕದಲ್ಲಿ ನಡೆಯುವ ದೇವರು ಬೇಕು ಅಂದೆಯಲ್ಲ, ಇವನೇ ಅವನು.

ಇನ್ನು ಯೋಹಾನ. ಪತ್ಮೋಸ್ ದ್ವೀಪ, ಏಜಿಯನ್ ಸಮುದ್ರದ ನಡುವೆ, ಸುಮಾರು 34 ಚದರ ಕಿಲೋಮೀಟರ್ ನೆಲ. ದೇವರ ವಾಕ್ಯಕ್ಕಾಗಿ ಅಲ್ಲಿದ್ದೆ ಅಂತ ಅವನೇ ಹೇಳುತ್ತಾನೆ; ಗಡಿಪಾರಾಗಿದ್ದ ಅಂತ ಹಿಂದಿನಿಂದ ನಂಬಿಕೆ. ಆ ಪುಸ್ತಕ ಬರೆದದ್ದು ಕ್ರಿ.ಶ. 95ರ ಸುಮಾರು, ದೊಮಿಟಿಯನ್ ಚಕ್ರವರ್ತಿಯ ಕಾಲ ಅಂತ ಹೆಚ್ಚಿನ ಪಂಡಿತರ ಅಭಿಪ್ರಾಯ. ಈ ದೊಮಿಟಿಯನ್ ತನ್ನನ್ನು "ನಮ್ಮ ಒಡೆಯ, ನಮ್ಮ ದೇವರು" ಎಂದು ಬರೆಸಿಕೊಳ್ಳುತ್ತಿದ್ದ ಅಂತ ರೋಮಿನ ಇತಿಹಾಸಕಾರ ಸ್ಯುಟೋನಿಯಸ್ ದಾಖಲಿಸಿದ್ದಾನೆ. ಈಗ 4ನೇ ಅಧ್ಯಾಯದ ಕೊನೆಯ ವಚನ ಓದು. ಒಡೆಯನೇ, ದೇವರೇ, ನೀನೇ ಯೋಗ್ಯನು ಅಂತ ಸಿಂಹಾಸನದ ಸುತ್ತಲಿನ 24 ಮಂದಿ ಹಿರಿಯರು ಹೇಳುತ್ತಾರೆ. ಅದು ಕಾರ್ಖಾನೆಯ ಸಾಹೇಬರ ಪರವಾದ ಮಾತಲ್ಲಪ್ಪ. ಸಾಹೇಬರ ಸಾಹೇಬನಾಗಿದ್ದ ಚಕ್ರವರ್ತಿಗೆ "ನೀನಲ್ಲ" ಅಂದದ್ದು. ಅಂಥ ಮಾತಿಗೆ ಜನ ಜೀವ ತೆತ್ತಿದ್ದಾರೆ.

ವೈನಿ: ನಾನು ಈ ಮನೆಗೆ ಬಂದ ಮೇಲೆ ಬೈಬಲ್ ಓದಲು ಕಲಿತವಳು, ತಪ್ಪಿದ್ದರೆ ಹೇಳಿ. ಚಕ್ರವರ್ತಿಗಿಂತ ದೊಡ್ಡವನು ಅಂದರೆ ಅವನ ಮುಂದೆ ಹೋಗಲು ಇನ್ನೂ ಜಾಸ್ತಿ ಹೆದರಿಕೆ ಆಗಬೇಕಲ್ವಾ? ದೊಡ್ಡ ಆಫೀಸಿನ ಬಾಗಿಲಲ್ಲೇ ನನ್ನ ಎದೆ ಢವಢವ ಅನ್ನುತ್ತದೆ.

ನಾನು, ಧಾರವಾಡ: ವೈನಿ, ಸರಿಯಾದ ಪ್ರಶ್ನೆ. ಹೆದರಿಕೆ ಆಗಬೇಕಾದದ್ದೇ. ಯೆಶಾಯ "ಅಯ್ಯೋ, ನನ್ನ ಗತಿ ಏನು" ಅಂದ. ಯೆಹೆಜ್ಕೇಲ ಬೋರಲು ಬಿದ್ದ. ಆದರೆ ಯೋಹಾನ ಹೇಳುವ ಕ್ರಮ ನೋಡಿ. ಬಾಗಿಲು ತೆರೆದೇ ಇತ್ತು, ಮೊದಲ ವಚನದಲ್ಲೇ. ಆಮೇಲೆ ಸಿಂಹಾಸನ. ಆಮೇಲೆ ಅದರ ಸುತ್ತ ಮುಗಿಲುಬಿಲ್ಲು, ಅಂದರೆ ಇನ್ನು ಜಲಪ್ರಳಯದಿಂದ ಲೋಕ ನಾಶಮಾಡುವುದಿಲ್ಲ ಅಂತ ದೇವರು ನೋಹನಿಗೆ ಕೊಟ್ಟ ಮಾತಿನ ಗುರುತು. ಮಿಂಚು ಗುಡುಗು ಬರುವುದು ಅದಾದ ಮೇಲೆ, 5ನೇ ವಚನದಲ್ಲಿ. ಕೊಟ್ಟ ಮಾತಿನ ಒಳಗೆ ಗುಡುಗು ಇದೆ, ಹೊರಗಲ್ಲ.

ಗಾಜಿನಂಥ ಸಮುದ್ರ ಅಂತ ಒಂದು ಇದೆಯಲ್ಲ, ಅದರ ಹತ್ತಿರ ನಾನು ಎಷ್ಟೋ ಸಲ ನಿಂತುಬಿಡುತ್ತೇನೆ. ಪತ್ಮೋಸಿನಲ್ಲಿದ್ದವನಿಗೆ ಸಮುದ್ರ ಅಂದರೆ ಏನು? ಎತ್ತ ನೋಡಿದರೂ ನೀರು. ಅವನ ಸಭೆಯ ಜನರೆಲ್ಲ ಆಚೆ ದಡದಲ್ಲಿ, ಎಫೆಸ, ಸ್ಮುರ್ನ, ಪೆರ್ಗಮದಲ್ಲಿ. ಹಗಲೂ ರಾತ್ರಿ ತೆರೆಯ ಸದ್ದು. ಅಂಥವನಿಗೆ ಸಿಂಹಾಸನದ ಮುಂದೆ ಕಂಡ ಸಮುದ್ರದಲ್ಲಿ ಒಂದು ತೆರೆಯೂ ಇಲ್ಲ, ಸ್ಫಟಿಕದ ಹಾಗೆ ನಿಂತಿದೆ. 21ನೇ ಅಧ್ಯಾಯಕ್ಕೆ ಬಂದರೆ ಸಮುದ್ರವೇ ಇಲ್ಲ. ಅವನನ್ನು ಕಟ್ಟಿಹಾಕಿದ್ದು ದೇವರ ಕಾಲ ಬಳಿ ಸುಮ್ಮನೆ ಬಿದ್ದಿದೆ. ನಾನು ಹೀಗೆ ಓದುತ್ತೇನೆ. ಬೇರೆ ಅರ್ಥ ಹೇಳುವವರೂ ಇದ್ದಾರೆ.

ತಮ್ಮ, ಬೆಂಗಳೂರು: ಸಮುದ್ರದ ಮಾತು ಒಪ್ಪಿದೆ. ಕೈಕಟ್ಟಿ ನಿಲ್ಲುವುದಕ್ಕೆ ನೀನು ಇನ್ನೂ ಉತ್ತರ ಹೇಳಲಿಲ್ಲ.

ನಾನು, ಧಾರವಾಡ: ಹೇಳುತ್ತೇನೆ. ಆ 24 ಮಂದಿ ಹಿರಿಯರು ನಿಂತಿಲ್ಲ. ಅವರಿಗೂ 24 ಸಿಂಹಾಸನಗಳಿವೆ, ಕೂತಿದ್ದಾರೆ. ತಲೆಯ ಮೇಲೆ ಚಿನ್ನದ ಕಿರೀಟ. ಜಯಿಸಿದವನು ನನ್ನ ಜೊತೆ ನನ್ನ ಸಿಂಹಾಸನದಲ್ಲಿ ಕೂರುವನು ಅಂತ ಹಿಂದಿನ ಅಧ್ಯಾಯದಲ್ಲೇ ಯೇಸು ಮಾತು ಕೊಟ್ಟಿದ್ದಾನೆ. ಯಾವ ಸಾಹೇಬ ಫಿಟ್ಟರನಿಗೆ ತನ್ನ ಕುರ್ಚಿಯಲ್ಲಿ ಜಾಗ ಕೊಟ್ಟ? ಹಿರಿಯರು ಎದ್ದು ಕಿರೀಟ ತೆಗೆದು ಮುಂದೆ ಇಡುವುದು ಯಾರೋ ಗದರಿಸಿದ್ದಕ್ಕಲ್ಲ. ಅವರಿಗೆ ಇಡಬೇಕು ಅನಿಸುತ್ತದೆ.

5ನೇ ಅಧ್ಯಾಯ ಬಿಟ್ಟು 4 ಮಾತ್ರ ಓದುವುದರಿಂದಲೇ ಅರ್ಧ ತೊಂದರೆ. ಅಲ್ಲಿ ಯೋಹಾನ ಬಹಳ ಅಳುತ್ತಾನೆ. ಮುದ್ರೆ ಹಾಕಿದ ಸುರುಳಿ ಬಿಚ್ಚಲು ಯಾರೂ ಇಲ್ಲ ಅಂತ. ಪರಲೋಕದಲ್ಲಿ, ಸಿಂಹಾಸನದ ಎದುರಿಗೇ ಒಬ್ಬ ಅಳುತ್ತಾನೆ, ಯಾರೂ ಅವನನ್ನು ಹೊರಗೆ ಹಾಕುವುದಿಲ್ಲ. ಒಬ್ಬ ಹಿರಿಯ ಬಂದು ಅಳಬೇಡ, ನೋಡು, ಯೂದ ಕುಲದ ಸಿಂಹ ಅನ್ನುತ್ತಾನೆ. ಇವನು ತಿರುಗಿ ನೋಡಿದರೆ ಸಿಂಹಾಸನದ ನಡುವೆ ಕೊಯ್ದ ಗುರುತಿರುವ ಕುರಿ ನಿಂತಿದೆ, ಅಂದರೆ ಯೇಸು. ತಮ್ಮಾ, ಅಜ್ಜ ಕೈಕಟ್ಟಿ ನಿಂತ ಸಾಹೇಬರಲ್ಲಿ ಒಬ್ಬರೂ ಅಜ್ಜನಿಗಾಗಿ ಗಾಯ ತಿಂದವರಲ್ಲ. ಇವನು ತಿಂದಿದ್ದಾನೆ. ಅದಕ್ಕೇ ಇಬ್ರಿಯರಿಗೆ ಬರೆದ ಪತ್ರದ 4:16ರಲ್ಲಿ ಅದೇ ಆಸನಕ್ಕೆ ಕೃಪಾಸನ ಅಂತ ಹೆಸರು, ಧೈರ್ಯದಿಂದ ಬನ್ನಿ ಅಂತ ಕರೆ. ವೈನಿ, ಇದು ನಿಮಗೂ ಉತ್ತರ.

ಮತ್ತೆ ಆಯಿಯ ವಿಷಯ. ಎಷ್ಟು ಪ್ರಾರ್ಥನೆ ಮಾಡಿದೆ, ಒಂದೂ ಮುಟ್ಟಲಿಲ್ಲ ಅಂತ ಆಯಿ ಪ್ರತಿದಿನ ಅನ್ನುತ್ತಾರೆ. ಆ ಹಿರಿಯರ ಕೈಯಲ್ಲಿ ಧೂಪ ತುಂಬಿದ ಚಿನ್ನದ ಬಟ್ಟಲುಗಳಿವೆ, ಆ ಧೂಪ ದೇವಜನರ ಪ್ರಾರ್ಥನೆಗಳೇ ಅಂತ 5:8ರಲ್ಲಿದೆ. ಆಯಿ ಕೇಳಿದ್ದು ಸಿಗಲಿಲ್ಲ, ನಿಜ. ಕೇಳಿದ್ದು ಚೆಲ್ಲಿಹೋಗಿಲ್ಲ. ಅದು ಅಲ್ಲಿ ಇದೆ. ಇದನ್ನು ಆಯಿಗೆ ಯಾರಾದರೂ ಓದಿ ಹೇಳಲೇಬೇಕು.

ಹುಬ್ಬಳ್ಳಿ ಕಾಕಾ: ಒಂದು ಮಾತು ಸೇರಿಸುತ್ತೇನೆ. ಕರ್ತನ ಭೋಜನದ ಆರಾಧನೆಯಲ್ಲಿ ದೂತರ ಸಂಗಡ, ಪ್ರಧಾನ ದೂತರ ಸಂಗಡ ಅಂತ ಅಯ್ಯನವರು ಹೇಳಿದ ಕೂಡಲೇ ನಾವೆಲ್ಲ "ಪರಿಶುದ್ಧನು, ಪರಿಶುದ್ಧನು, ಪರಿಶುದ್ಧನು" ಅನ್ನುತ್ತೇವೆ. ಯೆಶಾಯ ಕೇಳಿದ ಹಾಡು ಅದು, ಯೋಹಾನ ಕೇಳಿದ್ದೂ ಅದೇ. ಅಪ್ಪನಿಗೆ ಮೊಣಕಾಲು ಎಷ್ಟೇ ನೋಯಲಿ, ಆ ಮಾತಿಗೆ ಮುಂದಿನ ಬೆಂಚು ಹಿಡಿದು ಏಳುತ್ತಿದ್ದರು. ಕೂತೇ ಹೇಳಿ ಅಂದರೆ ಕೇಳುತ್ತಿರಲಿಲ್ಲ.

ಬೆಟಗೇರಿ ಅತ್ತಿ: ನಾನು ಈ ಅಧ್ಯಾಯವನ್ನೇ ಯಾಕೆ ಹಿಡಿದೆ ಅಂತ ಈಗ ಹೇಳುತ್ತೇನೆ. ಆಸ್ಪತ್ರೆಯಲ್ಲಿ ರಾತ್ರಿ ನಾನೇ ಇರುತ್ತಿದ್ದೆನಲ್ಲ. ನಾನೂ ಮೊದಲು 23ನೇ ಕೀರ್ತನೆಯನ್ನೇ ಓದಿದೆ. ಅಪ್ಪ ಪೂರ್ತಿ ಕೇಳಿದರು. ಆಮೇಲೆ "ಪ್ರಕಟನೆ ನಾಲ್ಕು ತೆಗಿ" ಅಂದರು. ಪಕ್ಕದ ಮಂಚದವರಿಗೆ ನಿದ್ದೆ ಕೆಡಬಾರದು ಅಂತ ಮೊಬೈಲಿನ ಬೆಳಕನ್ನು ಸೆರಗಿನಲ್ಲಿ ಮರೆಮಾಡಿ ಸಣ್ಣ ದನಿಯಲ್ಲಿ ಓದಿದೆ. ಮಾಸ್ಕ್ ಹಾಕಿದ್ದರು, ಮಾತು ಬರುತ್ತಿರಲಿಲ್ಲ. ಪರಿಶುದ್ಧನು ಅನ್ನುವಲ್ಲಿಗೆ ಬಂದಾಗ ಮಾಸ್ಕಿನೊಳಗೆ ತುಟಿ ಅಲುಗಾಡಿತು. ಮೂರು ಸಲವೂ. ಆಮೇಲೆ ಪ್ರತಿ ರಾತ್ರಿ ಅದನ್ನೇ ಕೇಳಿದರು. ಅವರ ಮುಖದಲ್ಲಿ ಅಂಜಿಕೆ ಕಾಣಲಿಲ್ಲ.

ತಮ್ಮ, ಬೆಂಗಳೂರು: ಅತ್ತಿ, ಇದನ್ನು ನಿನ್ನೆಯೇ ಹೇಳಿದ್ದರೆ ನಾನು ವಾದವೇ ಮಾಡುತ್ತಿರಲಿಲ್ಲ.

ಬೆಟಗೇರಿ ಅತ್ತಿ: ನಿನ್ನೆ ಬರೆಯಲು ಕೈ ಬರಲಿಲ್ಲ ಮಗನೇ.

ತಮ್ಮ, ಬೆಂಗಳೂರು: 4 ಓದೋಣ. ಆದರೂ ಆಯಿ ಬಗ್ಗೆ ನನ್ನ ಮಾತು ಹಿಂದೆ ತೆಗೆಯುವುದಿಲ್ಲ. ಅಜ್ಜ ಅಷ್ಟು ವರ್ಷ ಓದಿ ಓದಿ ಆ ಸಿಂಹಾಸನದ ಹತ್ತಿರ ಹೋದವರು. ಆಯಿಗೆ ಈಗ ಕುರುಬ ಬೇಕು. ಅಷ್ಟೆಲ್ಲ ಗುಡುಗು ಕೇಳಿದ ಮೇಲೆ ಒಂದು ಮೆತ್ತನೆಯ ಮಾತೂ ಕಿವಿಗೆ ಬೀಳಬೇಕು.

ಅವನು ಹೇಳಿದ್ದು ಸರಿ ಅನಿಸಿತು. ಪುಟ ತಿರುಗಿಸುವಾಗ 7ನೇ ಅಧ್ಯಾಯ ಕಣ್ಣಿಗೆ ಬಿತ್ತು. ಎಷ್ಟೋ ಸಲ ಓದಿದ್ದೇ, ಆದರೆ ಇವನ ಮಾತಿನ ಪಕ್ಕ ಇಟ್ಟು ಓದಿರಲಿಲ್ಲ.

ನಾನು, ಧಾರವಾಡ: ತಮ್ಮಾ, 7:17 ನೋಡು. ಸಿಂಹಾಸನದ ನಡುವೆ ಇರುವ ಆ ಕುರಿಯೇ ಅವರಿಗೆ ಕುರುಬನಾಗುತ್ತಾನೆ. ಜೀವಜಲದ ಬುಗ್ಗೆಗಳ ಹತ್ತಿರ ನಡೆಸುತ್ತಾನೆ. ದೇವರು ಅವರ ಕಣ್ಣೀರು ಒರೆಸುತ್ತಾನೆ. ನಿನ್ನ 23ನೇ ಕೀರ್ತನೆ ಪೂರ್ತಿ ಅಲ್ಲಿದೆ, ಅತ್ತಿಯ ಸಿಂಹಾಸನದ ಮೇಲೆಯೇ ಇದೆ.

ತಮ್ಮ, ಬೆಂಗಳೂರು: ಓದಿದೆ. ಆ ಭಾಗವನ್ನು ನಾನು ಓದುತ್ತೇನೆ, 9ರಿಂದ 17ರವರೆಗೆ. 4 ಅತ್ತಿ ಓದಲಿ. 23ನೇ ಕೀರ್ತನೆಯನ್ನು ಎಲ್ಲರೂ ಹಾಡೋಣ.

ಹುಬ್ಬಳ್ಳಿ ಕಾಕಾ: ಒಪ್ಪಿಗೆ. ಕಾರ್ಡಿನಲ್ಲಿ ಅಕ್ಷರ ಮಾತ್ರ ಇರಲಿ.

ಬೆಟಗೇರಿ ಅತ್ತಿ: ಆಯ್ತು ಅಣ್ಣಾ. ನಾನು ಮೊಬೈಲಿನಲ್ಲಿ ಇಟ್ಟುಕೊಳ್ಳುತ್ತೇನೆ, ಕಾರ್ಡಿಗೆ ಬೇಡ.

ಹಾವೇರಿ ಅಕ್ಕ: ಅತ್ತಿ, ಸಣ್ಣ ಮಕ್ಕಳೂ ಕೂತಿರುತ್ತಾರೆ. 5ನೇ ವಚನ, ಆ ಮಿಂಚು ಗುಡುಗು, ಬಿಟ್ಟು ಓದಬಹುದಾ?

ಬೆಟಗೇರಿ ಅತ್ತಿ: ಬಿಡುವುದಿಲ್ಲವ್ವಾ. ಅಪ್ಪ ಒಂದು ಸಲವೂ ಬಿಡಿಸಲಿಲ್ಲ. ನಿನ್ನ ಮಗನನ್ನು ನನ್ನ ಪಕ್ಕ ಕೂಡಿಸು. ಹೋರಿ ಬರುವ ವಚನ ಅವನೇ ಓದಲಿ, 7ನೆಯದು. ಇವತ್ತು ಮನೆಯಲ್ಲಿ ಒಂದೆರಡು ಸಲ ಓದಿಸು, "ಹದ್ದು" ಅನ್ನುವಲ್ಲಿ ತಡವರಿಸುತ್ತಾನೆ.