ಅಪ್‌ಡೇಟ್: ವೆಬ್‌ಸಾಕೆಟ್ ಪರೀಕ್ಷೆಗಳು ಈಗ ಸ್ಥಿರವಾಗಿವೆ

ಕಲಬುರಗಿಯ ತೊಗರಿ ವ್ಯಾಪಾರಿಗಳಿಗಾಗಿ ನಾವು ಕಟ್ಟುತ್ತಿರುವ ನೇರ ಧಾರಣೆಯ ಆ್ಯಪ್‌ನಲ್ಲಿ ವೆಬ್‌ಸಾಕೆಟ್ (ಬ್ರೌಸರ್ ಮತ್ತು ಸರ್ವರ್ ನಡುವೆ ತೆರೆದೇ ಇರುವ ಸಂಪರ್ಕ) ಪರೀಕ್ಷೆಗಳು ಒಮ್ಮೆ ಪಾಸಾಗಿ, ಕೋಡ್ ಬದಲಾಗದಿದ್ದರೂ ಮರುಕ್ಷಣವೇ ಫೇಲಾಗುತ್ತಿವೆ ಎಂದು ಕೆಲವು ದಿನಗಳ ಹಿಂದೆ ಕೇಳಿದ್ದೆ. ಸಮಸ್ಯೆ ಬಗೆಹರಿದಿದೆ, ಉತ್ತರಿಸಿದವರೆಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.

ಕಾಯುವ ಅವಧಿಯನ್ನು ಹೆಚ್ಚಿಸುವ ಸಲಹೆಯಿಂದ ಪರೀಕ್ಷೆಗಳು ನಿಧಾನವಾದವೇ ಹೊರತು ಸ್ಥಿರವಾಗಲಿಲ್ಲ. ಫಲ ಕೊಟ್ಟದ್ದು, ಸಾಕೆಟ್ ರಚಿಸಿದ ಸಾಲಿನ ಬೆನ್ನಿಗೇ ಸಂದೇಶದ ಲಿಸನರ್ (ಬಂದ ಸಂದೇಶವನ್ನು ಹಿಡಿಯುವ ಕೋಡ್) ಜೋಡಿಸಬೇಕೆಂಬ ಸಲಹೆ. ನಮ್ಮ ಸರ್ವರ್ ಸಂಪರ್ಕ ಸಿಕ್ಕ ಕೂಡಲೇ ಮೊದಲ ಧಾರಣೆಯನ್ನು ಕಳುಹಿಸುತ್ತದೆ. ಪರೀಕ್ಷೆಯು, ಸಂಪರ್ಕ ತೆರೆಯಿತೆಂದು ತಿಳಿಸುವ ಓಪನ್ ಈವೆಂಟ್‌ಗಾಗಿ ಕಾದು, ಆಮೇಲೆ ಲಿಸನರ್ ಜೋಡಿಸುವಷ್ಟರಲ್ಲಿ ಆ ಸಂದೇಶ ಕೆಲವೊಮ್ಮೆ ಬಂದು ಹೋಗಿರುತ್ತಿತ್ತು. ಪ್ರತಿ ಪರೀಕ್ಷೆಗೂ ಪೋರ್ಟ್ (ಸರ್ವರ್ ಸಂಪರ್ಕ ಸ್ವೀಕರಿಸುವ ದ್ವಾರದ ಸಂಖ್ಯೆ) 0 ಕೊಟ್ಟು ಪ್ರತ್ಯೇಕ ಸರ್ವರ್ ಆರಂಭಿಸಿದ್ದರಿಂದ, ಖಾಲಿ ಪೋರ್ಟನ್ನು ಆಪರೇಟಿಂಗ್ ಸಿಸ್ಟಂ ತಾನೇ ಆರಿಸಿ, ಪೋರ್ಟ್ ಘರ್ಷಣೆಯೂ ನಿಂತಿತು.

ಅನಿರೀಕ್ಷಿತವಾಗಿ ತಿಳಿದದ್ದು ಮರುಸಂಪರ್ಕದ ವಿಷಯ. ಯಾದಗಿರಿ ಕಡೆಯ ಹಳ್ಳಿಗಳಲ್ಲಿ ನೆಟ್‌ವರ್ಕ್ ತಟ್ಟನೆ ಕಡಿಯುವುದುಂಟು. ಆಗ ಬ್ರೌಸರ್‌ಗೆ ಕಾಣುವುದು ಸಂಪರ್ಕ ಅಸಹಜವಾಗಿ ಮುಗಿಯಿತೆಂದು ಹೇಳುವ 1006 ಸಂಕೇತ. ವೆಬ್‌ಸಾಕೆಟ್‌ನ ನಿಯಮಾವಳಿಯಾದ 2011ರ ಆರ್‌ಎಫ್‌ಸಿ 6455ರ ಪ್ರಕಾರ ಅದನ್ನು, ಸಂಪರ್ಕ ಮುಗಿಸುವಾಗ ಕಳುಹಿಸುವ ಕ್ಲೋಸ್ ಫ್ರೇಮ್‌ನಲ್ಲಿ ಕಳುಹಿಸುವಂತೆಯೇ ಇಲ್ಲ. ಆದ್ದರಿಂದ ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಡಬ್ಲ್ಯೂಎಸ್ ಲೈಬ್ರರಿಯಲ್ಲಿ ಆ ಫ್ರೇಮ್ ಕಳುಹಿಸುವ ಕ್ಲೋಸ್ ಬದಲು, ಅದನ್ನು ಕಳುಹಿಸದ ಟರ್ಮಿನೇಟ್ ಕರೆದು ಸಂಪರ್ಕವನ್ನು ಕಡಿದು, ನಡುವೆ ತಪ್ಪಿದ ಧಾರಣೆಗಳು ಮರಳಿ ಬಂದವೇ ಎಂದು ಪರೀಕ್ಷಿಸುತ್ತಿದ್ದೇವೆ. ವ್ಯಾಪಾರಿಗೆ ನಿಜಕ್ಕೂ ಮುಖ್ಯವಾದ ಪರೀಕ್ಷೆ ಇದೇ ಎಂಬುದು ನನ್ನ ದೃಢ ಅಭಿಪ್ರಾಯ.

ಬ್ರೌಸರನ್ನು ತಾನೇ ಓಡಿಸಿ ಪರೀಕ್ಷಿಸುವ ಪ್ಲೇರೈಟ್ ಸಾಧನದ 1.48ನೇ ಆವೃತ್ತಿಯಿಂದ ಲಭ್ಯವಿರುವ, ವೆಬ್‌ಸಾಕೆಟ್ ಸಂದೇಶಗಳನ್ನು ನಡುವೆ ತಡೆದು ಅಣಕು ಉತ್ತರ ಕೊಡಬಲ್ಲ ರೂಟ್‌ವೆಬ್‌ಸಾಕೆಟ್ ಸೌಲಭ್ಯವನ್ನು ಪರದೆಯ ಪರೀಕ್ಷೆಗಳಿಗೆ ಮಾತ್ರ ಉಳಿಸಿಕೊಂಡಿದ್ದೇವೆ.